ಧಾರಣೆಗಳ ಸಮತೋಲ

ಅಕ್ಕಿಯ ಧಾರಣೆ ಏರಿದರೆ ಗೋಧಿಗೆ ಬೇಡಿಕೆ ಹೆಚ್ಚುವುದು. ಆಗ ಗೋಧಿಯ ಧಾರಣೆಯೂ ಏರುವುದು. ಹೀಗೆ ಪರಸ್ಪರ ಅವಲಂಬಿಸಿರುವ ಸಕಲ ಪದಾರ್ಥಗಳಲ್ಲಿಯೂ ಬೇಡಿಕೆ ಪೂರೈಕೆಗಳನ್ನು ಏಕಕಾಲದಲ್ಲಿ ಸರಿದೂಗಿಸುವ ಧಾರಣೆಗಳು ಇರಬಲ್ಲವೆ?

1874ರಲ್ಲಿ ಫ್ರೆಂಚ್ ಅರ್ಥಶಾಸ್ತ್ರಜ್ಞ ಲೆಯಾನ್ ವಾಲ್ರಾ ಇದನ್ನು ಸಮೀಕರಣಗಳಲ್ಲಿ ನಿರೂಪಿಸಿ, ಅವುಗಳ ಸಂಖ್ಯೆಯೂ ಅವ್ಯಕ್ತ ರಾಶಿಗಳ ಸಂಖ್ಯೆಯೂ ಸಮವೆಂದು ತೋರಿಸಿದನು. ಆದರೆ ಅಷ್ಟೇ ಸಾಲದು. ಒಂದು ಸಂಖ್ಯೆಯ ವರ್ಗಕ್ಕೆ 1ನ್ನು ಕೂಡಿಸಿದರೆ ಸೊನ್ನೆ ಬರಬೇಕೆನ್ನೋಣ. ಸಮೀಕರಣ ಒಂದು, ಅವ್ಯಕ್ತವೂ ಒಂದು. ಆದರೂ ವಾಸ್ತವ ಸಂಖ್ಯೆಗಳಲ್ಲಿ ಉತ್ತರವಿಲ್ಲ!

1954ರಲ್ಲಿ ಕೆನೆತ್ ಆರೋ, ಜೆರಾರ್ ಡೆಬ್ರೂ ಎಂಬುವರು, ಕೆಲವು ನಿಬಂಧನೆಗಳಿಗೊಳಪಟ್ಟು ಅಂಥ ಧಾರಣೆಗಳು ಇದ್ದೇ ಇವೆಯೆಂದು ಸ್ಥಿರಬಿಂದು ಪ್ರಮೇಯದ ಬಲದಿಂದ ಸಾಧಿಸಿದರು.

ಆದರೆ ಆ ಸಮತೋಲವು ನ್ಯಾಯವಾದುದೆಂದು ಈ ಸಾಧನೆ ಹೇಳದು. ಕೊಳ್ಳಲು ಹಣವಿಲ್ಲದವನ ಹಸಿವು ಬೇಡಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಉನ್ನತ ಅರ್ಥಶಾಸ್ತ್ರದ ವಿದ್ಯಾರ್ಥಿಯು ಈ ಮಿತಿಯನ್ನೂ ಅರಿತಿರಬೇಕು.