ಅಣ್ಣಿಗೇರಿಯಿಂದ ನಾಡಗೀರರ ವಾಡೆಯವರೆಗೆ

ಅಣ್ಣಿಗೇರಿ ಸ್ಟೇಶನ್ನಿನಲ್ಲಿ ನಿಂತವರಿಗೆ ಎರಡೂ ದಿಕ್ಕಿನಲ್ಲಿ ಸಂಗೀತವಿದೆ. ಪೂರ್ವದ ಗಾಡಿ ಹತ್ತಿದರೆ ಹುಲಕೋಟಿ ದಾಟಿ ಗದಗ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಟ್ಟಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವುದು ಅಲ್ಲಿ. ಪಶ್ಚಿಮದ ಗಾಡಿಗೆ ಹೆಬಸೂರು, ಕುಸುಗಲ್ಲು ಕಳೆದು ಹುಬ್ಬಳ್ಳಿ. ಅಲ್ಲಿಳಿದು ಬೆಂಗಳೂರು ಮಾರ್ಗದ ಗಾಡಿ ಹಿಡಿದರೆ ಸುಮಾರು ಅರ್ಧ ತಾಸಿಗೆ ಕುಂದಗೋಳ. ಸವಾಯಿ ಗಂಧರ್ವರ ಊರು. ಅವರ ಪುಣ್ಯತಿಥಿಯ ನೆನಪಿಗೆ ನಾಡಗೀರರ ವಾಡೆಯಲ್ಲಿ ನಡೆದುಕೊಂಡು ಬಂದಿರುವ ಅಹೋರಾತ್ರಿ ಸಂಗೀತೋತ್ಸವವನ್ನು ನಮ್ಮ ಭಾಗದ ಹೊಸ ಕೇಳುಗರಿಗೆ ಪರಿಚಯಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸವಾಯಿ ಗಂಧರ್ವರೆಂದರೆ ರಾಮಭಾವು ಕುಂದಗೋಳಕರ. 1886ರಲ್ಲಿ ಹುಟ್ಟಿದವರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಲ್ಲಿ ಹಾಡಿ ಹೆಸರಾದವರು. ಆದರೆ ನಾವು ಅವರಿಗೆ ಋಣಿಗಳಾಗಿರುವುದು ಗುರುವಾಗಿ ಕುಂದಗೋಳದಲ್ಲಿ ಕೂತು ಕಲಿಸಿದ್ದಕ್ಕಾಗಿ. 1952ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಪುಣೆಯಲ್ಲಿ ಮರುವರ್ಷ ಅವರ ಹೆಸರಿನ ಉತ್ಸವ ಆರಂಭವಾಗಿ ದೇಶದಲ್ಲೆಲ್ಲ ಹೆಸರಾಯಿತು. ಕುಂದಗೋಳದ್ದು ಅಷ್ಟು ದೊಡ್ಡ ಪೆಂಡಾಲಿನ ಉತ್ಸವವಲ್ಲ. ಗುರು ಓಡಾಡಿದ ಊರಿನಲ್ಲಿ, ಅವರನ್ನು ಆದರಿಸಿದ ಮನೆತನದ ವಾಡೆಯಲ್ಲಿ ನಡೆಯುವ ಸೇವೆ. ನನ್ನ ಮಟ್ಟಿಗೆ ಎರಡರಲ್ಲಿ ಇದೇ ಮೇಲು.

ಹಾಡು ಕೇಳಲೆಂದು ಊರು ಬಿಟ್ಟು ಹೋಗುವವರ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಗದಗಿನ ಒಬ್ಬ ಹುಡುಗ. ಅಂಗಡಿಯ ಗ್ರಾಮಾಫೋನಿನಲ್ಲಿ ಕರೀಂ ಖಾನರ ಝಿಂಝೋಟಿ ಠುಮರಿ ಕೇಳಿ ಅವನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಹೊರಟೇಬಿಟ್ಟ. ರೈಲಿನಲ್ಲಿ ಹಾಡಿ, ಕೇಳಿದವರು ಕೊಟ್ಟದ್ದನ್ನು ತಿಂದು, ಪುಣೆ, ಗ್ವಾಲಿಯರ್, ಕಲ್ಕತ್ತಾ, ದಿಲ್ಲಿ ಎಂದು ಅಲೆದು ಜಲಂಧರ ಮುಟ್ಟಿದ. ಅಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ‘ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಅಲ್ಲಿಗೆ ಹೋಗು’ ಎಂಬ ಅರ್ಥದ ಮಾತು ಹೇಳಿ ಕಳಿಸಿದರು. ಗದಗಿನಿಂದ ಕುಂದಗೋಳಕ್ಕಿರುವ ರೈಲು ದಾರಿ ನಮ್ಮ ಅಣ್ಣಿಗೇರಿಯ ಮೇಲೆಯೇ ಹಾಯುತ್ತದೆ. ನೂರು ಕಿಲೋಮೀಟರೂ ಇಲ್ಲದ ದಾರಿ ತಿಳಿಯಲು ಆ ಹುಡುಗ ಉತ್ತರ ಭಾರತವನ್ನೇ ಸುತ್ತಬೇಕಾಯಿತು. ಆತನೇ ಭೀಮಸೇನ ಜೋಶಿ.

ಅದೇ ಗುರುವಿನ ಪಾಠಕ್ಕೆ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ಬರುತ್ತಿದ್ದರು. ಮನೆ, ಮಕ್ಕಳು, ಸಂಸಾರದ ತಾಪತ್ರಯ ಎಲ್ಲವನ್ನೂ ಹೊತ್ತುಕೊಂಡೇ ಸಂಜೆಯ ಗಾಡಿಗೆ ಕುಂದಗೋಳ, ಪಾಠ ಮುಗಿಸಿ ರಾತ್ರಿಯ ಗಾಡಿಗೆ ವಾಪಸು. ಒಂದೇ ಸ್ವರಸಮೂಹವನ್ನು ದಿನಗಟ್ಟಲೆ ತಿದ್ದುವ ಗುರು. ಗಂಗೂಬಾಯಿಯವರನ್ನು ಸ್ಟೇಶನ್ನಿಗೆ ಕಳಿಸಲು ಭೀಮಸೇನರು ಜೊತೆಗೆ ನಡೆದು ಬರುತ್ತಿದ್ದರಂತೆ. ದಾರಿಯುದ್ದಕ್ಕೂ ‘ಇವತ್ತು ಗುರುಗಳು ಏನು ಹೇಳಿಕೊಟ್ಟರು?’ ಎಂಬುದೇ ವಿಚಾರಣೆ. ಮುಂದೆ ಇವರಿಬ್ಬರೂ ಇದೇ ವಾಡೆಗೆ ಬಂದು ಗುರುವಿನ ನೆನಪಿಗೆ ಹಾಡಿದರು. ಕೇಳುವ ಹಸಿವು ಎಷ್ಟಿತ್ತೋ ಹಾಡಿಕೆಯೂ ಅಷ್ಟೇ ಬೆಳೆಯಿತು ಎಂದು ನಾನು ನಂಬಿದ್ದೇನೆ.

ರಾತ್ರಿಯಿಡೀ ಏಕೆ ಕೂರಬೇಕು ಎಂದು ಕೇಳುವವರಿದ್ದಾರೆ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತಿದೆ. ಸಭಾಭವನದ ಕಛೇರಿ ಸಂಜೆ ಆರಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ಆ ನಾಲ್ಕು ತಾಸಿನಲ್ಲಿ ಪೂರಿಯಾ, ಯಮನ್, ಬಾಗೇಶ್ರೀ ಸಿಕ್ಕಾವು. ನಡುರಾತ್ರಿಯ ದರಬಾರಿ, ಮಾಲಕಂಸ ಅಪರೂಪ. ಬೆಳಗಿನ ಜಾವದ ಲಲಿತ, ಹೊತ್ತೇರುವಾಗಿನ ತೋಡಿ ಸಿಗುವುದು ರೆಕಾರ್ಡಿನಲ್ಲಿ ಮಾತ್ರ. ಒಬ್ಬ ಕೇಳುಗ ಇಡೀ ಆಯುಷ್ಯ ಸಂಗೀತಪ್ರೇಮಿಯಾಗಿ ಕಳೆದರೂ ಲಲಿತವನ್ನು ಅದರ ಹೊತ್ತಿನಲ್ಲಿ, ಹಾಡುವವರ ಎದುರು ಕೂತು ಕೇಳದೇ ಹೋಗಬಹುದು. ಕುಂದಗೋಳದಂಥ ಅಹೋರಾತ್ರಿ ಬೈಠಕ್ಕು ಈ ಕೊರತೆ ನೀಗಿಸುತ್ತದೆ. ಮರದ ಕಂಬಗಳ ಹಳೆಯ ವಾಡೆ. ನೆಲಕ್ಕೆ ಕೂರುವ ಬೈಠಕ್ಕು. ತಂಬೂರಿ ಶ್ರುತಿಗೆ ಕೂಡಿಸುವುದರಿಂದ ಹಿಡಿದು ಎಲ್ಲವೂ ಕಣ್ಣೆದುರಿಗೆ. ಕಲಾವಿದರ ಉಸಿರು ಎಲ್ಲಿ ನಿಂತಿತು, ತಬಲಾದವರ ಕಣ್ಣು ಯಾವಾಗ ಅರಳಿತು ಎಂಬುದು ಕಾಣುತ್ತದೆ. ಯಾವ ರೆಕಾರ್ಡಿಂಗೂ ಕೊಡದ ವಿದ್ಯೆ ಇದು.

ಉತ್ಸವದ ಹೊತ್ತೆಂದರೆ ನಮ್ಮ ಎರಿ ಭೂಮಿಯಲ್ಲಿ ಹೆಸರುಕಾಳಿನ ಸುಗ್ಗಿಯ ಆಸುಪಾಸಿನ ದಿನಗಳು. ಹೊಲದ ಕೆಲಸ ಬಿಟ್ಟು ಹೋಗುವುದು ಸುಲಭವಲ್ಲ, ಒಪ್ಪುತ್ತೇನೆ. ಆದರೂ ಒಂದು ರಾತ್ರಿ ತೆಗೆದಿಡಿ. ದಿನ ಗೊತ್ತುಮಾಡಿಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು, ಹೊದೆಯಲು ಒಂದು ಶಾಲು ಹಿಡಿದು ಸಂಜೆಯೇ ಹೊರಡಿ. ಬೆಳಗಿನವರೆಗೆ ಕೂರುವವರಿಗೆ ಕೊನೆಯ ಬಸ್ಸಿನ ಚಿಂತೆ ಬೇಡ. ದೊಡ್ಡ ಹೆಸರಿನವರು ಹಾಡಿ ಮುಗಿಸಿದೊಡನೆ ಎದ್ದು ಬರಬೇಡಿ. ನಸುಕಿನಲ್ಲಿ ಹಾಡುವವರಿಗೂ ಎದುರಿಗೆ ಕಿವಿ ಬೇಕು. ಮನೆಯಲ್ಲಿ ಹನ್ನೊಂದು ಹನ್ನೆರಡರ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.