ಕೈ ಹೋಯ್ತು, ಲೆಕ್ಕ ಹೋಗಿಲ್ಲ

ಕಳೆದ ಸುಗ್ಗಿಯಲ್ಲಿ ಹತ್ತಿ ಹೇರಿಕೊಂಡು ಮಕ್ತಲ್ ಕಡೆ ಹೋಗಿದ್ದೆ. ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು. ಒಳಗೆ ಕೂತು ತೂಕ ಬರೆಯುವ ಹುಡುಗನ ಬಲಗೈಗೆ ಹೆಬ್ಬೆರಳೊಂದೇ ಉಳಿದಿತ್ತು. ಎಡಗೈಯಿಂದ ಚೀಟಿ ಬರೀತಿದ್ದ. ಅಕ್ಷರ ಮಾತ್ರ ಮುತ್ತು.

ಮಾತಿಗೆ ಎಳೆದೆ. ಗದ್ವಾಲ ಸೀಮೆಯ ಹುಡುಗ. ಹತ್ತಿ ಮಿಲ್ಲಿನಲ್ಲಿ ಕೈ ಸಿಕ್ಕಿತ್ತಂತೆ. ದವಾಖಾನೆ ಖರ್ಚು ಕೊಟ್ಟು, "ಇನ್ನ ನಿನ್ನಿಂದ ಏನು ಆಗ್ತದಪ್ಪಾ, ಮನೀಗ್ ನಡಿ" ಅಂದರಂತೆ. ಎರಡು ವರ್ಷ ಮನೆಯಲ್ಲೇ ಕೂತ. ಆಮೇಲೆ ಈ ಕಾಟಾದ ಸಾವ್ಕಾರ್ರ ಹತ್ತಿರ ಬಂದು ತೆಲುಗಿನಲ್ಲಿ ಒಂದೇ ಮಾತು ಹೇಳಿದನಂತೆ: "ಅಯ್ಯಾ, ಚೇಯಿ ಪೋಯಿಂದಿ, ಲೆಕ್ಕ ಪೋಲೇದು." ಸಾವ್ಕಾರ್ರು ಮೇಜಿನ ಖಾನೆಯನ್ನೂ ಚೀಟಿ ಪುಸ್ತಕವನ್ನೂ ಬಲಗಡೆಯಿಂದ ಎಡಗಡೆಗೆ ಇಡಿಸಿದರು. ಅಷ್ಟೇ. ಅಂದಿನಿಂದ ಲೆಕ್ಕದಲ್ಲಿ ಒಂದು ಕಿಲೋ ತಪ್ಪಿಲ್ಲ.

ಆ ಮೇಜು ತಿರುಗಿಸಿದ ಕೆಲಸಕ್ಕೆ ಕಾನೂನಿನಲ್ಲಿ ಒಂದು ಹೆಸರಿದೆ: ಸಮಂಜಸ ಹೊಂದಾಣಿಕೆ. ಧಣಿಯ ಮೇಲೆ ಹೊರಲಾರದ ಭಾರ ಬೀಳದಂತೆ, ಕೆಲಸದ ಜಾಗವನ್ನು ಮನುಷ್ಯನಿಗೆ ತಕ್ಕಂತೆ ಬದಲಿಸುವುದು ಅಂತ ಅದರ ಅರ್ಥ.

ಕಾಗದದ ಮೇಲೆ ಏನಿದೆ?

ಅಂಗವಿಕಲರಿಗಾಗಿ ನಮ್ಮ ದೇಶದಲ್ಲಿ ಮೊದಲ ದೊಡ್ಡ ಕಾನೂನು ಬಂದದ್ದು 1995ರಲ್ಲಿ. ಅದರ ಜಾಗಕ್ಕೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್‌ನಿಂದ ಜಾರಿಯಾಯಿತು. ಹಳೆಯದರಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು, ಈಗ ಇಪ್ಪತ್ತೊಂದು. ಸರ್ಕಾರಿ ನೌಕರಿಯಲ್ಲಿ ಮೀಸಲು 3ರಿಂದ ಶೇಕಡಾ 4ಕ್ಕೆ ಏರಿತು. ಅದನ್ನು ಪಡೆಯಲು ಅಂಗವೈಕಲ್ಯ ಶೇಕಡಾ 40ಕ್ಕೆ ಕಡಿಮೆ ಇರಬಾರದು.

"ಇದೆಲ್ಲಾ ಸರ್ಕಾರದವರಿಗೆ ಬಿಡ್ರಿ, ನಮಗೇನು?" ಅಂತ ವ್ಯಾಪಾರಿಗಳು ಕೇಳಬಹುದು. ನಮಗೂ ಇದೆ. ಖಾಸಗಿಯವರೂ ಸೇರಿ ಪ್ರತಿ ಸಂಸ್ಥೆ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು. ಕೇಂದ್ರದ 2017ರ ನಿಯಮದ ಪ್ರಕಾರ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಯಾವ ಕೆಲಸ ಯಾರಿಗೆ ಆಗ್ತದೆ, ಹೇಗೆ ಆರಿಸ್ತೀವಿ, ಏನು ಸಲಕರಣೆ ಕೊಡ್ತೀವಿ ಎಂಬುದೆಲ್ಲ ಆ ನೀತಿಯಲ್ಲಿ ಇರಬೇಕು, ನೋಡಿಕೊಳ್ಳಲು ಒಬ್ಬರನ್ನು ನೇಮಿಸಬೇಕು. ಕಾಯ್ದೆ ಮುರಿದರೆ ಮೊದಲ ಸಲ 10 ಸಾವಿರದ ತನಕ ದಂಡ. ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದ ತನಕ. ನಾರಾಯಣಪೇಟೆಯಲ್ಲಿ ಅಂಗಡಿ ಇಡಿ, ಇಲ್ಲಾ ರಾಯಚೂರಿನಲ್ಲಿ ಇಡಿ, ಕಾಯ್ದೆ ಒಂದೇ. ದೂರಿಗೆ ಅತ್ತ ಹೈದರಾಬಾದಿನಲ್ಲಿ, ಇತ್ತ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರು ಇದ್ದಾರೆ.

ಬಸ್ಸು ಬಿಡಿಸಿದ ಡ್ರೈವರು

ದೊಡ್ಡ ಸಂಸ್ಥೆಗಳೂ ಈ ಪಾಠ ಕೋರ್ಟಿನಲ್ಲೇ ಕಲಿಯಬೇಕಾಗಿದೆ. ತೆಲಂಗಾಣದ ರಸ್ತೆ ಸಾರಿಗೆ ಸಂಸ್ಥೆಯಲ್ಲಿ 2014ರಲ್ಲಿ ಸೇರಿದ ಒಬ್ಬ ಡ್ರೈವರಿಗೆ ಬಣ್ಣಗುರುಡು ಇದೆ ಅಂತ ಪರೀಕ್ಷೆಯಲ್ಲಿ ಗೊತ್ತಾಯಿತು. ಸ್ಟೇರಿಂಗ್ ಹಿಡಿಯೋದು ಬೇಡ ಅನ್ನುವುದು ಸರಿ. ಆದರೆ ಬೇರೆ ಕೆಲಸ ಕೊಡ್ರಿ ಅಂದರೂ ಕೊಡದೆ ಮನೆಗೆ ಕಳಿಸಿದರು. 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಅವನ ಪರ ತೀರ್ಪು ಕೊಟ್ಟಿತು. ಬೇರೆ ಕೆಲಸ ಇದೆಯೋ ಇಲ್ಲವೋ ಅಂತ ಮನಸ್ಸಿಟ್ಟು ಹುಡುಕದೆ ತೆಗೆದು ಹಾಕಿದ್ದು ತಪ್ಪು, ಅದೇ ಸಂಬಳಕ್ಕೆ ತಕ್ಕ ಕೆಲಸ ಕೊಡಿ ಅಂದಿತು. ನ್ಯಾಯ ಸಿಕ್ಕಿತು. ಆದರೆ ಅದಕ್ಕೆ ಒಂಬತ್ತು ವರ್ಷ ಹಿಡಿಯಿತು. ನಮ್ಮ ಕಾಟಾದ ಸಾವ್ಕಾರ್ರು ಒಂದೇ ಮುಂಜಾನೆಯಲ್ಲಿ ಮಾಡಿದ ಕೆಲಸ ಅದು.

ಮೆಟ್ಟಿಲು ಯಾರಿಗೆ?

ನಾರಾಯಣಪೇಟೆಯ ಪೇಟೆ ಬೀದಿ ನೋಡಿ. ಅಂಗಡಿ ಕಟ್ಟೆ ಎತ್ತರ, ಮೂರು ಮೆಟ್ಟಿಲು. ಗಾಲಿಕುರ್ಚಿಯವನು ಗುಮಾಸ್ತನಾಗುವುದು ಹೋಗಲಿ, ಗಿರಾಕಿಯಾಗಿಯೂ ಒಳಗೆ ಬರಲಾರ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು, ಮೂರಡಿ ಅಗಲದ ಬಾಗಿಲು, ಇದು ಲೆಕ್ಕ. ಅದೇ ಇಳಿಜಾರಿನಲ್ಲಿ ಮುದುಕರೂ ಹತ್ತುತ್ತಾರೆ, ಹಮಾಲರ ತಳ್ಳುಗಾಡಿಯೂ ಹತ್ತುತ್ತದೆ.

ನೇಕಾರರ ಮನೆಯಲ್ಲೂ ಹೀಗೇ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ತುಳಿಯಲೇಬೇಕು. ಕಾಲಿಲ್ಲದವನಿಗೆ ಆ ಕೆಲಸ ಕಷ್ಟ. ಆದರೆ ಸೀರೆ ಒಂದೇ ಕೈಯಲ್ಲಿ ಆಗುವುದಿಲ್ಲವಲ್ಲ. ಕಂಡಿಕೆ ಸುತ್ತಬೇಕು, ಬಣ್ಣ ಜೋಡಿಸಬೇಕು, ಅಂಚಿನ ನಕ್ಷೆ ಬರೆಯಬೇಕು, ಲೆಕ್ಕ ಇಡಬೇಕು. ಇದರಲ್ಲಿ ಯಾವುದಕ್ಕೂ ಕಾಲು ಬೇಕಿಲ್ಲ.

ನನ್ನ ತಪ್ಪೂ ಇದೆ

ಊರಿಗೆ ಬುದ್ಧಿ ಹೇಳುವ ಮೊದಲು ನನ್ನ ಹೊಲದ ಮಾತು ಹೇಳಬೇಕು. ಹುಟ್ಟು ಕಿವುಡನಾದ ಒಬ್ಬ ಆಳು ನಮ್ಮಲ್ಲಿ ಕಳೆ ತೆಗೆಯಲು ಬರ್ತಿದ್ದ. ಎಲ್ಲರೂ ಅವನನ್ನು ಮೂಗ ಅಂತಲೇ ಕರೀತಿದ್ದೆವು. ಕೂಲಿ ಮಾತ್ರ ಮುಕ್ಕಾಲು ಕೊಡ್ತಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ, ಅವನಂತೂ ಕೇಳುವ ಹಾಗಿರಲಿಲ್ಲ. ಒಂದು ದಿನ ನನ್ನ ಹೆಂಡತಿ ಬದುವಿನ ಮೇಲೆ ನಿಂತು, "ಕವಿಗಳೇ, ಅವನ ಸಾಲು ನೋಡ್ರಿ, ಎಲ್ಲಾರಿಗಿಂತ ಮುಂದೈತಿ. ಕೂಲಿ ಯಾಕ ಹಿಂದೈತಿ?" ಅಂದಳು. ನಾನು ತಲೆ ತಗ್ಗಿಸಿದೆ. ಅಂದಿನಿಂದ ಪೂರ್ತಿ ಕೂಲಿ. ಹಿಂದಿನ ಬಾಕಿಯನ್ನೂ ಎರಡು ಕಂತಿನಲ್ಲಿ ತೀರಿಸಿದೆ. ಅವನ ಹೆಸರು ಕೇಳಿಕೊಂಡದ್ದೂ ಅಂದೇ.

ನಾವು ಗಡಿಯವರು. ಎದುರಿಗೆ ಬಂದವನು ತೆಲುಗಿನವನೋ ಕನ್ನಡದವನೋ ನೋಡಿ ಅವನ ಮಾತಿಗೆ ನಮ್ಮ ನಾಲಿಗೆ ತಿರುಗಿಸುತ್ತೇವೆ. ಅದನ್ನು ನಾವು ಉಪಕಾರ ಅನ್ನುವುದಿಲ್ಲ, ವ್ಯವಹಾರ ಅನ್ನುತ್ತೇವೆ. ನಾಲಿಗೆ ತಿರುಗಿಸುವಷ್ಟು ಸಲೀಸಾಗಿ ಒಂದು ಮೇಜು ತಿರುಗಿಸಲು ಬರುವುದಿಲ್ಲವೇ? ನಾಳೆ ಅಂಗಡಿ ಬಾಗಿಲು ತೆಗೆಯುವಾಗ ಮೆಟ್ಟಿಲ ಕೆಳಗೆ ನಿಂತು ಒಂದು ಸಲ ಮೇಲೆ ನೋಡಿ. ಹೊಲದವರು ಸಂಜೆ ಕೂಲಿ ಹಂಚುವಾಗ ಒಂದು ಸಲ ಸಾಲು ನೋಡಿ.