ಭಯದ ಅಳತೆಗೋಲು

ಸಕಲೇಶಪುರ, ಆಲೂರು ತಾಲ್ಲೂಕುಗಳ ಮಲೆಗಳಲ್ಲಿ ಮುಂಜಾನೆಯ ಮಂಜು ಕರಗುವುದು ತಡ. ಕಾಫಿ ತೋಟದ ಕೆಲಸಕ್ಕೆ ಹೊರಟ ಹೆಂಗಸರು ದಾರಿಯ ತಿರುವಿನಲ್ಲಿ ತಟಕ್ಕನೆ ನಿಲ್ಲುತ್ತಾರೆ. ಮುಂದೆ ಕಪ್ಪಾದ ಆಕೃತಿಯೊಂದು. ಮೊರದಗಲದ ಕಿವಿ ಅಲುಗಿದಂತೆಯೂ ಕಾಣುತ್ತದೆ. ಮಂಜು ಸರಿದಾಗ ಅದು ಬಂಡೆ; ಅಲುಗಿದ್ದು ಬಾಳೆಯ ಎಲೆ. ಕಣ್ಣು ಕಂಡುದು ಅರೆಬರೆ, ಉಳಿದುದನ್ನು ತುಂಬಿದ್ದು ಮನಸ್ಸು. ಪಕ್ಕದ ತೋಟಕ್ಕೆ ಒಂಟಿ ಸಲಗ ಬಂದುಹೋದ ಸುದ್ದಿಯಿದ್ದರಂತೂ ಬಂಡೆಗಳೆಲ್ಲ ಆನೆಗಳೇ. ನಿರೀಕ್ಷೆಯು ದೃಷ್ಟಿಯನ್ನು ತಿದ್ದುತ್ತದೆಂದು ಮನಶ್ಶಾಸ್ತ್ರಜ್ಞರು ಹೇಳುವುದು ಇದನ್ನೇ. ಇದನ್ನು ಹೇಡಿತನವೆನ್ನಲಾಗದು. ಬಂಡೆಯನ್ನು ಆನೆಯೆಂದು ತಿಳಿದವರು ಕಳೆದುಕೊಳ್ಳುವುದು ಅರ್ಧ ಗಳಿಗೆ; ಆನೆಯನ್ನು ಬಂಡೆಯೆಂದು ತಿಳಿದವರು ಪ್ರಾಣವನ್ನೇ ಕಳೆದುಕೊಂಡಾರು.

ಆದರೆ ಅಪಾಯಗಳನ್ನು ಒಂದರೊಡನೊಂದು ಹೋಲಿಸಿ ತೂಗುವಾಗ ಇದೇ ಮನಸ್ಸು ಎಡವುತ್ತದೆ. ಹಾಸನ ಜಿಲ್ಲೆಯಲ್ಲಿ ಕಾಡಾನೆಗಳಿಗೆ ಬಲಿಯಾಗುವವರಿಗಿಂತ ರಸ್ತೆ ಅಪಘಾತಗಳಲ್ಲಿ ಮಡಿಯುವವರ ಸಂಖ್ಯೆ ಬಹಳ ದೊಡ್ಡದು. ಆದರೂ ಶಿರಾಡಿ ಘಾಟಿಯ ತಿರುವುಗಳಲ್ಲಿ ಹೆಲ್ಮೆಟ್ಟಿಲ್ಲದೆ ಸಾಗುವ ಯುವಕನಿಗೆ ಲಾರಿಗಿಂತ ಆನೆಯ ಭಯವೇ ಹೆಚ್ಚು. ಇದರ ಕಾರಣವನ್ನು ಏಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ವಿದ್ವಾಂಸರು 1973ರಲ್ಲಿ ವಿವರಿಸಿದರು. ಅವರ ಒಂದು ಪ್ರಯೋಗ ಬಲು ಸರಳವಾದುದು. 19 ಮಂದಿ ಪ್ರಖ್ಯಾತ ಮಹಿಳೆಯರ ಹಾಗೂ ಅಷ್ಟು ಪ್ರಸಿದ್ಧರಲ್ಲದ 20 ಮಂದಿ ಪುರುಷರ ಹೆಸರುಗಳನ್ನು ಬೆರೆಸಿ ಓದಿ ಹೇಳಿದರೆ, ಪಟ್ಟಿಯಲ್ಲಿ ಮಹಿಳೆಯರೇ ಹೆಚ್ಚೆಂದು ಕೇಳಿದವರಲ್ಲಿ ಬಹುಮಂದಿ ನುಡಿಯುತ್ತಿದ್ದರು. ಪುರುಷರು ಪ್ರಖ್ಯಾತರಾಗಿರುವ ಪಟ್ಟಿಯಾದರೆ ಉತ್ತರವೂ ತಿರುಗುತ್ತಿತ್ತು. ಸುಲಭವಾಗಿ ನೆನಪಿಗೆ ಬರುವುದನ್ನು ಮನಸ್ಸು ಸಂಖ್ಯೆಯಲ್ಲಿಯೂ ಹೆಚ್ಚೆಂದು ಎಣಿಸುತ್ತದೆ.

ಮಲೆನಾಡಿನಲ್ಲಿಯೂ ಹೀಗೆಯೇ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ, ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಡನೆ ಕಾದಾಡಿ ಮಡಿದನು. ನಾಡೆಲ್ಲ ಕಂಬನಿ ಮಿಡಿಯಿತು, ಅದು ಸಹಜವೇ. ಆನೆ ಹಾವಳಿಯೆಂದೊಡನೆ ದೂರದೂರಿನವರಿಗೆ ಇಂದಿಗೂ ಅರ್ಜುನನ ನೆನಪಾಗುತ್ತದೆ. ಇದೇ ತೋಟಗಳಲ್ಲಿ ಆನೆಯ ಕಾಲಿಗೆ ಸಿಕ್ಕಿ ಸತ್ತ ಕೂಲಿಯಾಳುಗಳ ಹೆಸರುಗಳು ಅವರವರ ಲೈನ್ ಮನೆಗಳನ್ನು ದಾಟಿ ಬಂದುದು ಅಪರೂಪ.

ಮನಸ್ಸಿಗೆ ಇನ್ನೊಂದು ಗುಣವೂ ಉಂಟು. ಒಂದೇ ಸೂಚನೆ ಮತ್ತೆ ಮತ್ತೆ ಬಂದು ಏನೂ ಸಂಭವಿಸದಿದ್ದರೆ ಅದು ಸೂಚನೆಗೆ ಸ್ಪಂದಿಸುವುದನ್ನೇ ಬಿಡುತ್ತದೆ. ಗದ್ದೆಯಲ್ಲಿ ಹಚ್ಚುವ ಪಟಾಕಿಗೆ ಮೊದಮೊದಲು ಬೆದರಿ ಓಡಿದ ಆನೆಯು ಕ್ರಮೇಣ ತಲೆಯೆತ್ತಿಯೂ ನೋಡದೆ ಭತ್ತ ಮೇಯುತ್ತದೆ. ಈ ವಿಷಯದಲ್ಲಿ ಮನುಷ್ಯನು ಆನೆಗಿಂತ ಬುದ್ಧಿವಂತನೇನಲ್ಲ. ಆನೆಗಳಿರುವ ಎಡೆಯನ್ನು ಮೊಬೈಲ್ ಸಂದೇಶಗಳ ಮೂಲಕವೂ ದಾರಿಬದಿಯ ಫಲಕಗಳ ಮೂಲಕವೂ ತಿಳಿಸುವ ಏರ್ಪಾಡನ್ನು ಅರಣ್ಯ ಇಲಾಖೆ ಇಲ್ಲಿ ಮಾಡಿದೆ. ಸಂದೇಶವನ್ನು ಓದಿದ ತೋಟದ ರೈಟರು ಆಳುಗಳನ್ನು ಆ ದಿನ ಬೇರೆ ಕಡೆಗೆ ಕಳುಹಿಸುತ್ತಾನೆ. ಸಂಜೆಯವರೆಗೂ ಆನೆ ಕಾಣುವುದಿಲ್ಲ. ಮರುದಿನವೂ ಹಾಗೆಯೇ. ಮೂರನೆಯ ದಿನ, ಸುಮ್ಮನೆ ಹೆದರಿಸುತ್ತಾರೆಂದು ಆಳುಗಳು ನಗುತ್ತಾರೆ. ತಾವು ಹೋಗದೆ ಬಿಟ್ಟ ಆ ಕಣಿವೆಯಲ್ಲಿ ಆನೆಯಿತ್ತೋ ಇಲ್ಲವೋ, ನೋಡಿದವರು ಅವರಲ್ಲಿ ಯಾರೂ ಇಲ್ಲ.